ದಾನದ ನಾಲ್ಕು ಅಳತೆಗಳು: ರಾಕ್‌ಫೆಲರ್ ಪ್ರತಿಷ್ಠಾನದ ಚರಿತ್ರೆಯಿಂದ ಕಲಿಯಬೇಕಾದದ್ದು

ಶ್ರಾವಕನ ನಿತ್ಯ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸುಗಳೊಡನೆ ದಾನವೂ ಸೇರಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ಬಗೆಯೆಂಬುದನ್ನು ಜೈನ ಮನೆಗಳ ಮಕ್ಕಳೂ ಬಲ್ಲರು. ಆದರೆ ಕೊಟ್ಟದ್ದೆಲ್ಲವೂ ಒಂದೇ ತೂಕದ ದಾನವಾಗುವುದಿಲ್ಲ. ಆಚಾರ್ಯ ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಹಿರಿಮೆ ಕಿರಿಮೆಗಳನ್ನು ನಾಲ್ಕು ಅಳತೆಗಳಿಂದ ತಿಳಿಯುವಂತೆ ಹೇಳಿದ್ದಾರೆ. ಕೊಡುವ ವಿಧಿ, ಕೊಟ್ಟ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ ಇವೇ ಆ ನಾಲ್ಕು.

ಸತ್ಪಾತ್ರರಿಗೆ ಸಲ್ಲುವ ದಾನವನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಹೇಳಿದ ಮಾತಾದರೂ ಈ ಅಳತೆಗೋಲು ಅಷ್ಟಕ್ಕೇ ಸೀಮಿತವಾಗಬೇಕಾಗಿಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಪಾತ್ರದತ್ತಿಯ ಜೊತೆಯಲ್ಲಿಯೇ ದಯಾದತ್ತಿಯನ್ನೂ ಹೇಳುತ್ತದೆ. ನೊಂದ ಜೀವಿಗಳಿಗೆ ಅನುಕಂಪದಿಂದ ಮಾಡುವ ಉಪಕಾರವೆಲ್ಲವೂ ಈ ದಯಾದತ್ತಿಯಲ್ಲಿ ಅಡಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ದಯಾದತ್ತಿಯು ಹಿಂದೆಂದೂ ಕಾಣದ ಒಂದು ರೂಪವನ್ನು ತಳೆಯಿತು. ಒಬ್ಬ ಧನಿಕನ ಸಂಪತ್ತು ಶಾಶ್ವತ ನಿಧಿಯಾಗಿ, ಆ ನಿಧಿಯನ್ನು ಒಂದು ಧರ್ಮದರ್ಶಿ ಮಂಡಳಿ ನೋಡಿಕೊಂಡು, ಅದರ ಆದಾಯವು ಕಡಲಾಚೆಯ ದೇಶಗಳ ಆಸ್ಪತ್ರೆ, ವಿದ್ಯಾಲಯ, ಹೊಲಗದ್ದೆಗಳಿಗೆ ಹರಿಯುವ ಏರ್ಪಾಡು ಅದು. ಇಂತಹ ಸಂಸ್ಥೆಗಳಲ್ಲಿ ಪ್ರಸಿದ್ಧವಾದ ರಾಕ್‌ಫೆಲರ್ ಪ್ರತಿಷ್ಠಾನದ ಕಾರ್ಯ ಚೀನಾ, ಬ್ರೆಜಿಲ್, ಮೆಕ್ಸಿಕೋಗಳನ್ನು ಮುಟ್ಟಿದಂತೆಯೇ ಮಂಡ್ಯದ ಗದ್ದೆಗಳನ್ನೂ ಸೊರಬದ ಕಾಡನ್ನೂ ಮುಟ್ಟಿದೆ. ಅದರ ಚರಿತ್ರೆಯನ್ನು ಮೇಲಿನ ನಾಲ್ಕು ಅಳತೆಗಳಿಂದ ನೋಡಿದರೆ, ಹೊಗಳಿಕೆಯಿಂದಾಗಲಿ ನಿಂದೆಯಿಂದಾಗಲಿ ಸಿಗದ ತಿಳಿವಳಿಕೆ ಸಿಗುತ್ತದೆ.

ದಾತೃ

1855ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಪಟ್ಟಣದ ಒಂದು ಮಂಡಿಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಲೆಕ್ಕ ಬರೆಯುವ ಸಹಾಯಕನಾಗಿ ಸೇರಿದನು. ಜಾನ್ ಡಿ. ರಾಕ್‌ಫೆಲರ್ ಎಂಬುದು ಅವನ ಹೆಸರು. ತನ್ನ ಸ್ವಂತ ಆದಾಯ ವೆಚ್ಚಗಳಿಗಾಗಿ ಅವನು 'ಲೆಡ್ಜರ್ ಎ' ಎಂಬ ಒಂದು ಪುಟ್ಟ ಪುಸ್ತಕವನ್ನು ಇಟ್ಟುಕೊಂಡಿದ್ದನು. ಬಾಡಿಗೆ, ಬಟ್ಟೆಗಳ ಖರ್ಚಿನ ಜೊತೆಗೆ ಇಗರ್ಜಿಗೂ ಬಡವರಿಗೂ ಕೊಟ್ಟ ಚಿಲ್ಲರೆ ಕಾಸೂ ಅದರಲ್ಲಿ ದಾಖಲಾಗಿದೆ. ಕಿರ್ದಿ ಖಾತೆಗಳಲ್ಲಿ ಧರ್ಮಾದಾಯದ ಬಾಬ್ತನ್ನು ಬೇರೆಯಾಗಿ ಬರೆದಿಡುತ್ತಿದ್ದ ಜೈನ ವರ್ತಕರಿಗೆ ಈ ಪುಸ್ತಕ ಪರಕೀಯವೆನಿಸದು. ಬ್ಯಾಪ್ಟಿಸ್ಟ್ ಪಂಥದ ಶ್ರದ್ಧಾಳು ಕ್ರೈಸ್ತನಾಗಿದ್ದ ಆತನಿಗೆ ಗಳಿಸುವುದೂ ಕೊಡುವುದೂ ಎರಡೂ ಧರ್ಮವೇ ಆಗಿದ್ದವು.

1870ರಲ್ಲಿ ಸ್ಥಾಪನೆಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯು ಆತನನ್ನು ಅಮೆರಿಕದ ಅತ್ಯಂತ ದೊಡ್ಡ ಧನಿಕನನ್ನಾಗಿ ಮಾಡಿತು. ಧನ ಹೆಚ್ಚಿದಂತೆ ಬೇಡಿಕೆಯ ಪತ್ರಗಳೂ ಮೂಟೆಗಟ್ಟಲೆ ಬರತೊಡಗಿದವು. 1891ರಲ್ಲಿ ಫ್ರೆಡರಿಕ್ ಗೇಟ್ಸ್ ಎಂಬ ಧರ್ಮಬೋಧಕನನ್ನು ರಾಕ್‌ಫೆಲರ್ ತನ್ನ ದಾನಕಾರ್ಯಗಳ ಸಲಹೆಗಾರನನ್ನಾಗಿ ಮಾಡಿಕೊಂಡನು. ಬಂದವರಿಗೆಲ್ಲ ಅಷ್ಟಷ್ಟು ಹಂಚುವ ಬದಲು ದುಃಖದ ಮೂಲವನ್ನು ಹುಡುಕಿ ಅಲ್ಲಿಗೆ ಹಣವನ್ನು ಹಾಕಬೇಕೆಂಬುದು ಗೇಟ್ಸನ ವಿಚಾರ. 1897ರ ಬೇಸಿಗೆಯಲ್ಲಿ ಆತ ಡಾಕ್ಟರ್ ಆಸ್ಲರ್ ಬರೆದ ವೈದ್ಯಶಾಸ್ತ್ರದ ದೊಡ್ಡ ಗ್ರಂಥವನ್ನು ಆಮೂಲಾಗ್ರವಾಗಿ ಓದಿದನು. ರೋಗಗಳ ವರ್ಣನೆ ಅದರಲ್ಲಿ ಬಹಳವಿತ್ತು. ಖಚಿತವಾಗಿ ಗುಣಪಡಿಸುವ ಔಷಧಗಳು ಬೆರಳೆಣಿಕೆಯಷ್ಟಿದ್ದವು. ಈ ಅರಿವಿನ ಫಲವಾಗಿ 1901ರಲ್ಲಿ ವೈದ್ಯಕೀಯ ಸಂಶೋಧನಾಲಯವೂ, 1909ರಲ್ಲಿ ಕೊಕ್ಕೆಹುಳು ರೋಗದ ನಿವಾರಣೆಗಾಗಿ 10 ಲಕ್ಷ ಡಾಲರುಗಳ ಆಯೋಗವೂ, ಕೊನೆಗೆ 1913ರ ಮೇ 14ರಂದು ನ್ಯೂಯಾರ್ಕ್ ರಾಜ್ಯದ ಸನ್ನದಿನ ಮೂಲಕ ರಾಕ್‌ಫೆಲರ್ ಪ್ರತಿಷ್ಠಾನವೂ ಹುಟ್ಟಿದವು. ಮೊದಲ ವರ್ಷದಲ್ಲಿಯೇ ಅದಕ್ಕೆ ಸಂದ ನಿಧಿ 10 ಕೋಟಿ ಡಾಲರು. ಒಂದು ಊರಿಗೋ ಒಂದು ಮತಕ್ಕೋ ಮೀಸಲಾಗದೆ ಜಗತ್ತಿನ ಎಲ್ಲ ಮನುಷ್ಯರ ಕ್ಷೇಮವೇ ಅದರ ಉದ್ದೇಶವೆಂದು ಸನ್ನದು ಘೋಷಿಸಿತು.

ದಾತಾರನಲ್ಲಿರಬೇಕಾದ ಏಳು ಗುಣಗಳನ್ನು ಜೈನಶಾಸ್ತ್ರಕಾರರು ಎಣಿಸಿದ್ದಾರೆ. ಅವುಗಳಲ್ಲಿ ಶ್ರದ್ಧೆಯೂ ಇದೆ, ಅಲುಬ್ಧತೆಯೂ ಇದೆ, ವಿಜ್ಞಾನವೂ ಇದೆ. ಯಾರಿಗೆ ಏನನ್ನು ಎಷ್ಟು ಕೊಡಬೇಕೆಂಬ ವಿವೇಕವೇ ಇಲ್ಲಿ ವಿಜ್ಞಾನ. ಈ ಒಂದು ಗುಣದಲ್ಲಿ ರಾಕ್‌ಫೆಲರ್ ಮತ್ತು ಗೇಟ್ಸರ ಜೋಡಿಗೆ ಸಾಟಿಯಾದವರು ವಿರಳ. ಅಲುಬ್ಧತೆಯ ವಿಷಯ ಬಂದಾಗ ಮಾತ್ರ ಎರಡನೆಯ ಅಳತೆಯತ್ತ ತಿರುಗಬೇಕಾಗುತ್ತದೆ.

ದ್ರವ್ಯ

ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಅರ್ಹನಾದವನ ಲಕ್ಷಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಲ್ಲಿಯೇ ಇಟ್ಟಿದ್ದಾರೆ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಗಳಿಕೆ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುವಂಥದಲ್ಲ. ರೈಲ್ವೆ ಕಂಪನಿಗಳಿಂದ ಗುಟ್ಟಾಗಿ ರಿಯಾಯಿತಿ ಪಡೆದು, ಪ್ರತಿಸ್ಪರ್ಧಿಗಳನ್ನು ಹಣ್ಣು ಮಾಡಿ ನುಂಗಿದ ಬಗೆಯನ್ನು ಐಡಾ ಟಾರ್‌ಬೆಲ್ ಎಂಬ ಲೇಖಕಿ 1902ರಿಂದ 1904ರವರೆಗೆ ಪತ್ರಿಕೆಯೊಂದರಲ್ಲಿ ಬಿಚ್ಚಿಟ್ಟಳು. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಾನೂನುಬಾಹಿರ ಏಕಸ್ವಾಮ್ಯವೆಂದು ಹೇಳಿ ಕಂಪನಿಯನ್ನು ಒಡೆದು ಹಾಕಿತು.

ಇಂತಹ ದ್ರವ್ಯವನ್ನು ಸ್ವೀಕರಿಸಬಹುದೇ ಎಂಬ ಪ್ರಶ್ನೆ ಅಮೆರಿಕದಲ್ಲಿಯೇ ಎದ್ದಿತು. 1905ರಲ್ಲಿ ಭಾರತದಲ್ಲಿಯೂ ಶಾಖೆಗಳಿದ್ದ ಒಂದು ವಿದೇಶೀ ಮಿಷನ್ ಮಂಡಲಿಗೆ ರಾಕ್‌ಫೆಲರ್ 1 ಲಕ್ಷ ಡಾಲರು ಕೊಟ್ಟಾಗ, ವಾಷಿಂಗ್ಟನ್ ಗ್ಲ್ಯಾಡನ್ ಎಂಬ ಧರ್ಮಗುರು ಅದು ಕಳಂಕಿತ ಹಣ, ಹಿಂದಿರುಗಿಸಿರಿ ಎಂದು ಬಹಿರಂಗವಾಗಿ ವಾದಿಸಿದನು. ವಿವಾದ ಕಾವೇರಿದ ಮೇಲೆ ಒಂದು ಸಂಗತಿ ಹೊರಬಿತ್ತು. ಹಣ ಬೇಕೆಂದು ಮೊದಲು ಕೇಳಿದವರು ಮಂಡಲಿಯವರೇ ಆಗಿದ್ದರು. ಮಂಡಲಿ ಹಣವನ್ನು ಇಟ್ಟುಕೊಂಡಿತು. ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮೊದಲು ಹಣದ ಮೂಲವನ್ನು ಕೇಳಲು ಸಂಕೋಚಪಡುವ ಎಲ್ಲ ಸಂಸ್ಥೆಗಳಿಗೂ ಈ ಪ್ರಸಂಗ ಒಂದು ಕನ್ನಡಿ.

ಇನ್ನೂ ಕಠೋರವಾದ ಘಟನೆ ಪ್ರತಿಷ್ಠಾನಕ್ಕೆ ಒಂದು ವರ್ಷ ತುಂಬುವ ಮೊದಲೇ ನಡೆಯಿತು. ಕೊಲೊರಾಡೋ ರಾಜ್ಯದ ಕಲ್ಲಿದ್ದಲ ಗಣಿಗಳಲ್ಲಿ ಮುಷ್ಕರ ಹೂಡಿದ ಕಾರ್ಮಿಕರು ಕಂಪನಿಯ ಮನೆಗಳಿಂದ ಹೊರದೂಡಲ್ಪಟ್ಟು ಲಡ್ಲೋ ಎಂಬಲ್ಲಿ ಡೇರೆಗಳಲ್ಲಿ ವಾಸವಾಗಿದ್ದರು. ಆ ಪ್ರದೇಶದ ಅತಿ ದೊಡ್ಡ ಗಣಿ ಕಂಪನಿ ರಾಕ್‌ಫೆಲರ್ ಮನೆತನದ ಹಿಡಿತದಲ್ಲಿತ್ತು. 1914ರ ಏಪ್ರಿಲ್ 20ರಂದು ರಾಜ್ಯದ ಸೈನಿಕರೂ ಕಂಪನಿಯ ಕಾವಲುಗಾರರೂ ಡೇರೆಗಳ ಮೇಲೆ ಗುಂಡು ಹಾರಿಸಿದರು. ಡೇರೆಗಳಿಗೆ ಬೆಂಕಿ ಬಿದ್ದಿತು. ಒಂದು ಡೇರೆಯ ಕೆಳಗೆ ತೋಡಿದ ಗುಂಡಿಯಲ್ಲಿ ಅವಿತಿದ್ದ ಇಬ್ಬರು ಹೆಂಗಸರು ಮತ್ತು ಹನ್ನೊಂದು ಮಕ್ಕಳು ಸತ್ತರು. ಆ ದಿನಗಳಲ್ಲಿ ಗಣಿ ಕಂಪನಿಯ ನಿರ್ದೇಶಕನೂ ಪ್ರತಿಷ್ಠಾನದ ಅಧ್ಯಕ್ಷನೂ ಒಬ್ಬನೇ, ರಾಕ್‌ಫೆಲರನ ಮಗ. ಒಂದು ಕೈ ಜಗತ್ತಿನ ಕ್ಷೇಮಕ್ಕಾಗಿ ಕೊಡುತ್ತಿರುವಾಗ ಇನ್ನೊಂದು ಕೈಯ ಕೆಳಗೆ ಮಕ್ಕಳು ಸಾಯುತ್ತಿದ್ದರು ಎಂಬ ಆರೋಪಕ್ಕೆ ಸರ್ಕಾರಿ ವಿಚಾರಣಾ ಆಯೋಗದ ಮುಂದೆ ಆತ ಉತ್ತರ ಕೊಡಬೇಕಾಯಿತು. ಅನಂತರ ಪ್ರತಿಷ್ಠಾನವು ಕಾರ್ಮಿಕ ಸಂಬಂಧಗಳಂತಹ ವಿವಾದದ ಕ್ಷೇತ್ರದಿಂದ ಹಿಂದೆ ಸರಿದು ವೈದ್ಯ ಮತ್ತು ಸಾರ್ವಜನಿಕ ಆರೋಗ್ಯಗಳತ್ತ ಮುಖ ಮಾಡಿತು.

ದ್ರವ್ಯಶುದ್ಧಿಯ ಪ್ರಶ್ನೆ ಮೊದಲ ದಿನಕ್ಕೆ ಮುಗಿಯುವುದಿಲ್ಲ. ನಿಧಿಯನ್ನು ಯಾವ ವ್ಯಾಪಾರದಲ್ಲಿ ತೊಡಗಿಸಲಾಗಿದೆ ಎಂಬುದೂ ಅದರ ಭಾಗವೇ. ತೈಲದಿಂದ ಹುಟ್ಟಿದ ಪ್ರತಿಷ್ಠಾನವು ಸುಮಾರು 500 ಕೋಟಿ ಡಾಲರುಗಳ ತನ್ನ ನಿಧಿಯನ್ನು ತೈಲ, ಕಲ್ಲಿದ್ದಲು ಮೊದಲಾದ ಇಂಧನ ವ್ಯವಹಾರಗಳಿಂದ ಹಿಂದೆಗೆದುಕೊಳ್ಳುವುದಾಗಿ 2020ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಈ ನಿರ್ಧಾರಕ್ಕೆ ಬರಲು ಅದಕ್ಕೆ 107 ವರ್ಷ ಬೇಕಾಯಿತು. ಹಿಂಸೆಯ ವ್ಯಾಪಾರಗಳನ್ನು ಕರ್ಮಾದಾನಗಳೆಂದು ಎಣಿಸಿ ಶ್ರಾವಕನಿಗೆ ನಿಷೇಧಿಸಿದ ಪರಂಪರೆಯಲ್ಲಿ ಬಂದವರು ತಮ್ಮ ಟ್ರಸ್ಟಿನ ಠೇವಣಿ ಎಲ್ಲಿದೆಯೆಂದು ನೋಡಿಕೊಳ್ಳಲು ಅಷ್ಟು ಕಾಲ ತೆಗೆದುಕೊಳ್ಳಬೇಕಾಗಿಲ್ಲ.

ವಿಧಿ

ಮೂಲಧನವನ್ನು ಮುಟ್ಟದೆ ಅದರ ಆದಾಯದಿಂದ ಧರ್ಮಕಾರ್ಯ ನಡೆಸುವ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. ಭಕ್ತರು ಗದ್ಯಾಣಗಳನ್ನು ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಹಾಲು ಸಲ್ಲುವಂತೆ ಮಾಡಿದ ದತ್ತಿಗಳು ಶ್ರವಣಬೆಳಗೊಳದ ಶಾಸನಗಳಲ್ಲಿ ದಾಖಲಾಗಿವೆ. ಪ್ರತಿಷ್ಠಾನದ ಮೂಲ ಏರ್ಪಾಡು ಇದೇ. ಅಮೆರಿಕದಲ್ಲಿ 1969ರ ತೆರಿಗೆ ಕಾನೂನು ಖಾಸಗಿ ಪ್ರತಿಷ್ಠಾನಗಳು ಪ್ರತಿ ವರ್ಷ ಇಷ್ಟನ್ನು ಕೊಡಲೇಬೇಕೆಂದು ವಿಧಿಸಿತು. ಈಗ ಆ ಪ್ರಮಾಣ ಆಸ್ತಿಯ ಶೇಕಡಾ 5ರಷ್ಟು. ಭಾರತದಲ್ಲಿ ತೆರಿಗೆ ವಿನಾಯಿತಿ ಬಯಸುವ ಧರ್ಮಾರ್ಥ ಟ್ರಸ್ಟುಗಳು ಸಾಮಾನ್ಯವಾಗಿ ವರ್ಷದ ಆದಾಯದ ಶೇಕಡಾ 85ರಷ್ಟನ್ನು ಉದ್ದೇಶಿತ ಕಾರ್ಯಕ್ಕೆ ವಿನಿಯೋಗಿಸಬೇಕು. ಎರಡರ ಹಿಂದೆಯೂ ಇರುವ ತತ್ತ್ವ ಒಂದೇ. ತೆರಿಗೆ ಬಿಟ್ಟುಕೊಟ್ಟ ಸಮಾಜಕ್ಕೆ ಆ ಹಣದ ಲೆಕ್ಕ ಕೇಳುವ ಹಕ್ಕಿದೆ. ನಿಧಿ ಬೆಳೆಯುತ್ತಲೇ ಹೋಗಿ ಕಾರ್ಯ ಕುಗ್ಗಿದರೆ ಅದು ದಾನದ ವೇಷ ತೊಟ್ಟ ಪರಿಗ್ರಹವಾಗುತ್ತದೆ. ಈ ಅಪಾಯವನ್ನು ಅರಿತಿದ್ದ ಅಮೆರಿಕದ ಮತ್ತೊಬ್ಬ ದಾನಿ ಜೂಲಿಯಸ್ ರೋಸೆನ್‌ವಾಲ್ಡ್ ತನ್ನ ಮರಣದ 25 ವರ್ಷಗಳೊಳಗೆ ನಿಧಿಯನ್ನೆಲ್ಲ ಖರ್ಚುಮಾಡಬೇಕೆಂದು ಕಟ್ಟುಮಾಡಿದ್ದನು. ಆತ 1932ರಲ್ಲಿ ತೀರಿಕೊಂಡನು. ನಿಧಿಯು 1948ರಲ್ಲಿಯೇ ಬರಿದಾಗಿ ಮುಚ್ಚಿತು.

ಹಣ ವಿದೇಶಗಳಿಗೆ ಹೋದ ವಿಧಾನವೂ ಗಮನಾರ್ಹ. ಕೊಕ್ಕೆಹುಳು ರೋಗದ ಕಾರ್ಯ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹೊರಟು 1914ರಲ್ಲಿ ಬ್ರಿಟಿಷ್ ಗಯಾನಾ, ಅನಂತರ ಸಿಲೋನಿನ ಚಹಾ ತೋಟಗಳು, 1920ರ ಹೊತ್ತಿಗೆ ಮದರಾಸು ಪ್ರಾಂತ, ಹೀಗೆ ಹಲವು ಖಂಡಗಳಿಗೆ ಹರಡಿತು. ಇದರ ನೇತೃತ್ವ ವಹಿಸಿದ್ದ ವಿಕ್ಲಿಫ್ ರೋಸ್ ಕೆಲವು ನಿಯಮಗಳನ್ನು ಹಾಕಿಕೊಂಡಿದ್ದನು. ಸ್ಥಳೀಯ ಸರ್ಕಾರ ಕರೆದ ಹೊರತು ಹೋಗಕೂಡದು. ಮೊದಲು ರೋಗ ಎಷ್ಟಿದೆಯೆಂದು ಅಳೆಯಬೇಕು. ಗುಣಪಡಿಸಬಹುದೆಂದು ಜನರ ಕಣ್ಣ ಮುಂದೆ ತೋರಿಸಬೇಕು. ಖರ್ಚಿನಲ್ಲಿ ಸರ್ಕಾರವೂ ಪಾಲು ಹೊರಬೇಕು. ವರ್ಷದಿಂದ ವರ್ಷಕ್ಕೆ ಪ್ರತಿಷ್ಠಾನದ ಪಾಲು ಇಳಿದು ಸರ್ಕಾರದ ಪಾಲು ಏರಿ, ಕೊನೆಗೆ ಕಾರ್ಯ ಪೂರ್ಣವಾಗಿ ಸ್ಥಳೀಯರ ಕೈಗೆ ಸೇರಬೇಕು. ಪಡೆಯುವವನು ಎಂದೆಂದಿಗೂ ಕೈಚಾಚಿ ನಿಲ್ಲದಂತೆ ಮಾಡುವ ಈ ಕ್ರಮ ವಿಧಿಯ ದೃಷ್ಟಿಯಿಂದ ಶ್ಲಾಘನೀಯವಾದುದು. ಆದರೆ ಔಷಧ ಕುಡಿಸುವುದು ಸುಲಭ. ಬರಿಗಾಲಿನಲ್ಲಿ ನಡೆಯುವ ಬಡವನಿಗೆ ಪಾದರಕ್ಷೆ, ಶೌಚಾಲಯಗಳನ್ನು ಒದಗಿಸುವುದು ಸುಲಭವಲ್ಲ. ಬಡತನ ಹಾಗೆಯೇ ಉಳಿದ ಕಡೆಗಳಲ್ಲಿ ಹುಳು ಮತ್ತೆ ಮರಳಿತು.

ಶಾಸ್ತ್ರದಾನದ ಬೆಲೆಯನ್ನು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ ಕನ್ನಡಿಗರಿಗೆ ಕಲಿಸಿದ್ದಾಳೆ. ಪ್ರತಿಷ್ಠಾನದ ದಾನಗಳಲ್ಲಿ ಬಹುಕಾಲ ಬಾಳಿದ್ದೂ ಈ ಬಗೆಯದೇ. 1921ರಲ್ಲಿ ಅದು ಪೀಕಿಂಗ್ ನಗರದಲ್ಲಿ ಅಪಾರ ವೆಚ್ಚದ ವೈದ್ಯಕೀಯ ಕಾಲೇಜೊಂದನ್ನು ತೆರೆಯಿತು. ಅಲ್ಲಿಂದ ಹೊರಬಂದ ವೈದ್ಯರು ಸಂಖ್ಯೆಯಲ್ಲಿ ಕೆಲವೇ ನೂರು. ಕೋಟ್ಯಂತರ ಹಳ್ಳಿಗರಿಗೆ ಅದರಿಂದೇನು ಎಂಬ ಟೀಕೆ ನ್ಯಾಯವಾದುದೇ ಆಗಿತ್ತು. ಆ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯವನ್ನು ಕಲಿಸುತ್ತಿದ್ದ ಜಾನ್ ಗ್ರಾಂಟ್ ಈ ಟೀಕೆಗೆ ಕಿವಿಗೊಟ್ಟವನು. ಆತನ ಶಿಷ್ಯ ಚೆನ್ ಎಂಬ ವೈದ್ಯ 1930ರ ದಶಕದ ಆದಿಯಲ್ಲಿ ಡಿಂಗ್‌ಷಿಯನ್ ಎಂಬ ಗ್ರಾಮೀಣ ಜಿಲ್ಲೆಯಲ್ಲಿ ರೈತರಿಗೇ ತರಬೇತಿ ಕೊಟ್ಟು ಹಳ್ಳಿಯ ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಿದನು. ಗ್ರಾಂಟ್ 1939ರಲ್ಲಿ ಕಲ್ಕತ್ತೆಗೆ ಬಂದು, ಪ್ರತಿಷ್ಠಾನದ ನೆರವಿನಿಂದಲೇ ಸ್ಥಾಪಿತವಾಗಿದ್ದ ಅಖಿಲ ಭಾರತ ಆರೋಗ್ಯ ಸಂಸ್ಥೆಯ ನಿರ್ದೇಶಕನಾದನು. ಮುಂದೆ ಭೋರ್ ಸಮಿತಿಯ ಸದಸ್ಯನೂ ಆದನು. ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿರಬೇಕೆಂದು 1946ರಲ್ಲಿ ಶಿಫಾರಸು ಮಾಡಿದ್ದು ಆ ಸಮಿತಿಯೇ. ಮೈಸೂರು ಸಂಸ್ಥಾನವೂ 1920ರ ದಶಕದ ಕೊನೆಯಲ್ಲಿ ಪ್ರತಿಷ್ಠಾನದ ತಜ್ಞರನ್ನು ಬರಮಾಡಿಕೊಂಡು ಮಲೇರಿಯಾ ಸಮೀಕ್ಷೆಯನ್ನು ನಡೆಸಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ತೆರೆದಿತ್ತು. ಇಂದು ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸುವ ತಾಯಿಗೆ ಪ್ರತಿಷ್ಠಾನದ ಹೆಸರು ತಿಳಿಯದು. ತಿಳಿಯಬೇಕಾದ ಅವಶ್ಯಕತೆಯೂ ಇಲ್ಲ.

ಪ್ರಮಾದ

ವಿಧಿಯ ವಿಷಯದಲ್ಲಿಯೇ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಜೈನಶಾಸ್ತ್ರವು ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮುಖ್ಯವಾಗಿ ಎಣಿಸುತ್ತದೆ. ಹಳದಿ ಜ್ವರವನ್ನು ಕುರಿತ ಪ್ರತಿಷ್ಠಾನದ ಸಂಶೋಧನೆ ತ್ಯಾಗದ ಕಥೆಯೂ ಹೌದು, ಪ್ರಮಾದದ ಕಥೆಯೂ ಹೌದು. ಪಶ್ಚಿಮ ಆಫ್ರಿಕದಲ್ಲಿ ಆ ರೋಗದ ಬೆನ್ನು ಹತ್ತಿದ ಏಡ್ರಿಯನ್ ಸ್ಟೋಕ್ಸ್ 1927ರಲ್ಲಿಯೂ, ನೊಗುಚಿ ಮತ್ತು ವಿಲಿಯಂ ಯಂಗ್ 1928ರಲ್ಲಿಯೂ ಅದೇ ರೋಗಕ್ಕೆ ಬಲಿಯಾದರು. 1937ರಲ್ಲಿ ಮ್ಯಾಕ್ಸ್ ಥೈಲರ್ ರೂಪಿಸಿದ ಲಸಿಕೆ ಲಕ್ಷಾಂತರ ಜನರನ್ನು ಉಳಿಸಿತು. ಆತನಿಗೆ 1951ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಹಾದಿಯಲ್ಲಿ ಕೋತಿಗಳೂ ಇಲಿಗಳೂ ಕೋಳಿಯ ಭ್ರೂಣಗಳೂ ಅಸಂಖ್ಯವಾಗಿ ಅಳಿದವು. ಮನುಷ್ಯರ ಆರೋಗ್ಯಕ್ಕಾಗಿ ನಡೆದ ಆ ಪ್ರಾಣಿವಧೆಯ ಬಾಬ್ತು ಪ್ರತಿಷ್ಠಾನದ ಯಾವ ಲೆಕ್ಕಪತ್ರದಲ್ಲಿಯೂ ನಷ್ಟವೆಂದು ದಾಖಲಾಗಲಿಲ್ಲ. ಔಷಧದಾನವನ್ನು ಮಾಡುವ ಜೈನನು ಆ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗಲಾರನು.

ಲಸಿಕೆಯು ಕೆಡದಂತಿರಲು ಅದಕ್ಕೆ ಮನುಷ್ಯರ ರಕ್ತದ ಸೀರಮ್ಮನ್ನು ಬೆರೆಸುತ್ತಿದ್ದರು. ಬ್ರೆಜಿಲಿನಲ್ಲಿ ಲಸಿಕೆ ಪಡೆದವರಿಗೆ ಕಾಮಾಲೆ ಬಂದುದನ್ನು ಕಂಡು ಅಲ್ಲಿನ ಪ್ರಯೋಗಾಲಯ 1940ರಲ್ಲಿಯೇ ಸೀರಮ್ ಬೆರೆಸುವುದನ್ನು ಬಿಟ್ಟಿತು. ನ್ಯೂಯಾರ್ಕಿನ ಪ್ರಯೋಗಾಲಯ ಬಿಡಲಿಲ್ಲ. 1942ರಲ್ಲಿ ಅಮೆರಿಕದ ಸೈನಿಕರಲ್ಲಿ ಸುಮಾರು 50,000 ಮಂದಿ ಕಾಮಾಲೆಯಿಂದ ಮಲಗಿದರು. ರೋಗದ ಲಕ್ಷಣ ಕಾಣದೆಯೇ ಸೋಂಕು ತಗಲಿದವರು ಅದರ ಹಲವು ಪಟ್ಟು. ಆ ವರ್ಷ ಸೀರಮ್ ರಹಿತ ಲಸಿಕೆ ಬಂದಿತು. ದಾನಿಯ ಉದ್ದೇಶ ಶುದ್ಧವಾಗಿತ್ತು. ಎಚ್ಚರಿಕೆಯ ಗಂಟೆ ದೂರದ ಶಾಖೆಯಲ್ಲಿ ಬಾರಿಸಿದ್ದರೂ ಕೇಂದ್ರಕ್ಕೆ ಅದು ಕೇಳಿಸಲಿಲ್ಲ. ಶುದ್ಧ ಉದ್ದೇಶವೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಪಾತ್ರ

ನಾಲ್ಕನೆಯ ಅಳತೆಯೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಆಹಾರದಾನದ ಕ್ಷೇತ್ರದಲ್ಲಿ ಪ್ರತಿಷ್ಠಾನದ ಕಾರ್ಯ 1943ರಲ್ಲಿ ಮೆಕ್ಸಿಕೋ ದೇಶದಲ್ಲಿ ಪ್ರಾರಂಭವಾಯಿತು. ನಾರ್ಮನ್ ಬೊರ್ಲಾಗ್ 1944ರಲ್ಲಿ ಅಲ್ಲಿಗೆ ಸೇರಿ ಗಿಡ್ಡ ಕಾಂಡದ, ಹೆಚ್ಚು ಇಳುವರಿಯ ಗೋಧಿಯ ತಳಿಗಳನ್ನು ಬೆಳೆಸಿದನು. 1960ರಲ್ಲಿ ಫೋರ್ಡ್ ಪ್ರತಿಷ್ಠಾನದೊಡನೆ ಸೇರಿ ಫಿಲಿಪೈನ್ಸಿನಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯನ್ನು ಕಟ್ಟಲಾಯಿತು. 1965 ಮತ್ತು 1966ರ ಬರಗಾಲಗಳಲ್ಲಿ ಅಮೆರಿಕದ ಹಡಗುಗಳ ದಾರಿ ಕಾಯುತ್ತಿದ್ದ ಭಾರತವು 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿಯ ಬೀಜವನ್ನು ತರಿಸಿಕೊಂಡಿತು. ಡಾ. ಎಂ. ಎಸ್. ಸ್ವಾಮಿನಾಥನ್ ಮೊದಲಾದ ಭಾರತೀಯ ವಿಜ್ಞಾನಿಗಳು ಅದನ್ನು ಇಲ್ಲಿನ ನೆಲಕ್ಕೂ ರುಚಿಗೂ ಒಗ್ಗಿಸಿದರು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ದೇಶದ ಗೋಧಿಯ ಬೆಳೆ 1969-70ರಲ್ಲಿ 2 ಕೋಟಿ ಟನ್ ಮುಟ್ಟಿತು. ಹಸಿದವನ ತಟ್ಟೆಗೆ ಅನ್ನ ಬಂದುದನ್ನು ಲಘುವಾಗಿ ಎಣಿಸುವ ಅಧಿಕಾರ ಹೊಟ್ಟೆ ತುಂಬಿದವರಿಗಿಲ್ಲ.

ಆದರೆ ಆ ಬೀಜ ನೀರು, ರಸಗೊಬ್ಬರ, ಕೀಟನಾಶಕಗಳನ್ನು ಕೇಳುವ ಬೀಜ. ನೀರಾವರಿಯುಳ್ಳ ರೈತ ಅದನ್ನು ಮೊದಲು ಪಡೆದನು. ಮಳೆಯನ್ನೇ ನಂಬಿ ರಾಗಿ, ಜೋಳ ಬೆಳೆಯುವವನು ಹಿಂದುಳಿದನು. ಪಂಜಾಬಿನಲ್ಲಿ ಅಂತರ್ಜಲ ಪಾತಾಳಕ್ಕಿಳಿಯಿತು. ಮಣ್ಣಿನ ಸೂಕ್ಷ್ಮ ಜೀವರಾಶಿಯ ಮೇಲೆ ಬಿದ್ದ ವಿಷವನ್ನು ಏಕೇಂದ್ರಿಯ ದ್ವೀಂದ್ರಿಯಗಳ ಲೆಕ್ಕವಿಡುವ ಧರ್ಮ ಮರೆಯುವಂತಿಲ್ಲ. ಇದು ಯಾರೂ ಊಹಿಸಲಾಗದ ಪರಿಣಾಮವೂ ಆಗಿರಲಿಲ್ಲ. ಅಮೆರಿಕದ ಭೂಗೋಳಶಾಸ್ತ್ರಜ್ಞ ಕಾರ್ಲ್ ಸಾಯರ್, ಮೆಕ್ಸಿಕೋದ ಬಡ ರೈತನ ಸ್ವಂತ ತಳಿಗಳನ್ನೂ ಅವನ ಬೇಸಾಯದ ಕ್ರಮವನ್ನೂ ಮೊದಲು ಅರಿಯಬೇಕು, ಹೊರಗಿನ ತಳಿಗಳನ್ನು ಹೇರಿದರೆ ಅವು ನಾಶವಾಗುತ್ತವೆ ಎಂದು 1941ರಲ್ಲಿಯೇ ಪ್ರತಿಷ್ಠಾನಕ್ಕೆ ತಿಳಿಸಿದ್ದನು. ಆ ಮಾತಿಗೆ ಮನ್ನಣೆ ಸಿಗಲಿಲ್ಲ. ಒಣಬೇಸಾಯದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳಿಗಾಗಿ ಹೈದರಾಬಾದಿನ ಬಳಿ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಬಂದುದು 1972ರಲ್ಲಿ. ಗೋಧಿ ಭತ್ತಗಳ ಕಾರ್ಯ ಆ ವೇಳೆಗಾಗಲೇ ಬಹಳ ಮುಂದೆ ಹೋಗಿತ್ತು.

ಪಾತ್ರದ ಪ್ರಶ್ನೆಯನ್ನು ಇನ್ನೂ ಸ್ಪಷ್ಟವಾಗಿ ತೋರುವ ಪ್ರಸಂಗ ಮಲೆನಾಡಿನದು. 1952ರಲ್ಲಿ ಪುಣೆಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳು ಸೇರಿ ವೈರಸ್ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದವು. ಸೊಳ್ಳೆ, ಉಣ್ಣೆಗಳ ಮೂಲಕ ಹರಡುವ ರೋಗಗಳನ್ನು ಜಗತ್ತಿನಾದ್ಯಂತ ಹುಡುಕುವ ಪ್ರತಿಷ್ಠಾನದ ಯೋಜನೆಗೆ ಅದು ಸೇರಿತ್ತು. 1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರು ಕಡುಜ್ವರದಿಂದ ಮಲಗಿದರು. ಸುದ್ದಿ ಪುಣೆಗೆ ಮುಟ್ಟಿದೊಡನೆ ಕೇಂದ್ರದ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್ ಮತ್ತು ಆತನ ಸಹೋದ್ಯೋಗಿಗಳು ಧಾವಿಸಿದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬರುವ ಮೊದಲು ಮಂಗಗಳು ಹೀಗೆಯೇ ಸಾಯುತ್ತಿದ್ದವು. ಆ ಮಹಾರೋಗ ಏಷ್ಯಾಕ್ಕೂ ಕಾಲಿಟ್ಟಿತೇ ಎಂಬುದು ವಿಜ್ಞಾನಿಗಳ ಆತಂಕವಾಗಿತ್ತು.

ಉತ್ತರ ಬಹುಬೇಗ ದೊರೆಯಿತು. ಇದು ಹಳದಿ ಜ್ವರವಲ್ಲ. ರಷ್ಯಾದ ಮಿದುಳುಜ್ವರದ ಬಂಧುವಾದ, ಉಣ್ಣೆಗಳಿಂದ ಹರಡುವ ಹೊಸ ವೈರಸ್. ಜಗತ್ತು ನಿಟ್ಟುಸಿರು ಬಿಟ್ಟಿತು. ಕ್ಯಾಸನೂರಿನ ಹೆಸರು ವೈದ್ಯಗ್ರಂಥಗಳನ್ನು ಸೇರಿತು. ಐದು ವರ್ಷ ಮೊದಲೇ ಆ ಕೇಂದ್ರವನ್ನು ಕಟ್ಟಿರದಿದ್ದರೆ ರೋಗದ ಮೂಲ ಅಷ್ಟು ಶೀಘ್ರವಾಗಿ ತಿಳಿಯುತ್ತಿರಲಿಲ್ಲ. ದೂರದೃಷ್ಟಿಯ ದಾನಕ್ಕೆ ಈ ಮಟ್ಟಿಗೆ ಋಣಿಯಾಗಿರಬೇಕು. 1960ರ ದಶಕ ಮುಗಿಯುವ ಹೊತ್ತಿಗೆ ಪ್ರತಿಷ್ಠಾನವು ಹಿಂದೆ ಸರಿದು ಕೇಂದ್ರವು ಸಂಪೂರ್ಣವಾಗಿ ಭಾರತದ ಕೈಗೆ ಬಂದಿತು. 1978ರಿಂದ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ.

ಆದರೆ ಸೌದೆಗೆ, ಸೊಪ್ಪಿಗೆ, ತರಗೆಲೆಗೆ ಕಾಡಿಗೆ ಹೋಗುವ ಹೆಣ್ಣುಮಗಳ ಪ್ರಶ್ನೆ ಬೇರೆಯಾಗಿತ್ತು. ಇದು ಯಾವ ವೈರಸ್ಸಿನ ಬಂಧು ಎಂದು ಆಕೆ ಕೇಳಲಿಲ್ಲ. ಮಗನ ಜ್ವರಕ್ಕೆ ಮದ್ದಿದೆಯೇ ಎಂದು ಕೇಳಿದಳು. ಮಂಗನ ಕಾಯಿಲೆಗೆಂದೇ ಆದ ಔಷಧ ಇಂದಿಗೂ ಇಲ್ಲ. ದಶಕಗಳ ತರುವಾಯ ಬಂದ ಲಸಿಕೆಯ ಶಕ್ತಿ ಸಾಲದೆಂದು ಕಂಡು ಇತ್ತೀಚಿನ ವರ್ಷಗಳಲ್ಲಿ ಅದನ್ನು ನಿಲ್ಲಿಸಲಾಯಿತು. ಜ್ವರ ಸೊರಬವನ್ನು ದಾಟಿ ಇತರ ಜಿಲ್ಲೆಗಳಿಗೂ ನೆರೆಯ ರಾಜ್ಯಗಳಿಗೂ ಹಬ್ಬಿದೆ. ದಾನಿಯ ಪ್ರಶ್ನೆಗೆ ಕೆಲವೇ ತಿಂಗಳಲ್ಲಿ ಉತ್ತರ ಸಿಕ್ಕಿತು. ಪಾತ್ರದ ಪ್ರಶ್ನೆ ಅರವತ್ತು ವರ್ಷ ಮೀರಿಯೂ ಕಾಯುತ್ತಿದೆ. ಇದರಲ್ಲಿ ಒಬ್ಬರ ದ್ರೋಹವೇನೂ ಇಲ್ಲ. ದೂರದ ದಾನಿ ತನ್ನ ಕಾರ್ಯ ಮುಗಿದಾಗ ಹೊರಡುತ್ತಾನೆ; ಉಳಿದದ್ದನ್ನು ಹೊರಬೇಕಾದವರು ಸರ್ಕಾರ ಮತ್ತು ಹತ್ತಿರದ ಸಮಾಜ.

ಅಭಯ

ಔಷಧ, ಶಾಸ್ತ್ರ, ಆಹಾರ ಈ ಮೂರು ದಾನಗಳನ್ನು ಪ್ರತಿಷ್ಠಾನವು ಅಪಾರವಾಗಿ ಮಾಡಿತು. ನಾಲ್ಕನೆಯದಾದ ಅಭಯದಾನದಲ್ಲಿ ಅದರ ಚರಿತ್ರೆ ಎರಡು ಮುಖದ್ದಾಗಿದೆ. ಮನುಷ್ಯರನ್ನು ಮೇಲು ಕೀಳು ತಳಿಗಳೆಂದು ವಿಂಗಡಿಸುವ ವಿದ್ಯೆಯಲ್ಲಿ ತೊಡಗಿದ್ದ ಜರ್ಮನಿಯ ಸಂಸ್ಥೆಗೆ ಅದರ ಹಣ 1920 ಮತ್ತು 1930ರ ದಶಕಗಳಲ್ಲಿ ಸಂದಾಯವಾಯಿತು. 1933ರಲ್ಲಿ ಹಿಟ್ಲರನ ಆಳ್ವಿಕೆ ಬಂದ ಮೇಲೆ ಯೂರೋಪಿನಿಂದ ತಪ್ಪಿಸಿಕೊಂಡು ಬಂದ ಸುಮಾರು 300 ವಿದ್ವಾಂಸರಿಗೆ ಆಶ್ರಯ ದೊರಕಿಸಿದ್ದೂ ಅದರ ಹಣವೇ. ಹಣಕ್ಕೆ ತನ್ನದೇ ಆದ ಧರ್ಮವಿಲ್ಲ. ಅದನ್ನು ಹಿಡಿದವರ ಎಚ್ಚರವೇ ಅದರ ಧರ್ಮ. ಲಡ್ಲೋವಿನ ಡೇರೆಗಳಲ್ಲಿದ್ದ ತಾಯಂದಿರಿಗೆ ಬೇಕಾಗಿದ್ದುದು ಆಸ್ಪತ್ರೆಯೂ ಅಲ್ಲ, ಪುಸ್ತಕವೂ ಅಲ್ಲ, ಅಭಯ. ಅದನ್ನು ಕೊಡಲು ಒಂದು ಡಾಲರಿನ ನಿಧಿಯೂ ಬೇಕಾಗಿರಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳೂ ಜೈನ ಕುಟುಂಬಗಳ ದತ್ತಿನಿಧಿಗಳೂ ಇಂದು ವಿದ್ಯಾರ್ಥಿವೇತನ, ಆಸ್ಪತ್ರೆ, ಗೋಶಾಲೆ, ಗ್ರಾಮಾಭಿವೃದ್ಧಿಗಳಿಗೆ ಧಾರಾಳವಾಗಿ ಕೊಡುತ್ತಿವೆ. ವಿದೇಶಗಳಲ್ಲಿ ನೆಲೆಸಿದ ಜೈನರ ಕೊಡುಗೆಯೂ ಅದಕ್ಕೆ ಸೇರುತ್ತಿದೆ. ವಾರ್ಷಿಕ ಸಭೆಯಲ್ಲಿ ಜಮಾಖರ್ಚಿನ ಪಟ್ಟಿಯನ್ನು ಓದಿ ಅಂಗೀಕರಿಸುವಾಗ, ಆ ಪಟ್ಟಿಯ ಪಕ್ಕದಲ್ಲಿ ಉಮಾಸ್ವಾತಿಗಳ ನಾಲ್ಕು ಅಳತೆಗಳನ್ನೂ ಇಟ್ಟು ನೋಡುವ ಪದ್ಧತಿ ಬೆಳೆಯುವುದು ಉಚಿತ. ಹಣ ಎಲ್ಲಿಂದ ಬಂದಿತು ಮತ್ತು ಈಗ ಯಾವ ವ್ಯಾಪಾರದಲ್ಲಿದೆ? ನಿಧಿ ಬೆಳೆದಷ್ಟು ಕಾರ್ಯವೂ ಬೆಳೆದಿದೆಯೇ? ಮಾಡಿದ ತಪ್ಪು ಯಾವುದು, ಅದನ್ನು ಮೊದಲು ಹೇಳಿದವರ ಮಾತನ್ನು ಕೇಳಲಾಯಿತೇ? ಕೊನೆಯದಾಗಿ, ಪಡೆದವರು ಬೇಡಿದ್ದು ಇದನ್ನೇ ಹೌದೇ? ಈ ಕೊನೆಯ ಪ್ರಶ್ನೆಯನ್ನು ಸಭಾಂಗಣದಲ್ಲಿ ಕುಳಿತು ಉತ್ತರಿಸಲಾಗದು. ಅದಕ್ಕಾಗಿ ಕ್ಯಾಸನೂರಿನಂತಹ ಊರಿನ ದಾರಿ ಹಿಡಿದು, ಸೌದೆಯ ಹೊರೆ ಇಳಿಸಿ ಕುಳಿತವರ ಬಳಿ ಹೋಗಿ ಕೇಳಬೇಕಾಗುತ್ತದೆ.